ಎಳೆ ತೆಳ್ಳಗಾದಷ್ಟೂ

ಪುಣೆ–ಲೋಣಾವಳಾ ಲೋಕಲ್ ರೈಲು ನಿಲ್ಲುವ ಊರುಗಳಲ್ಲಿ ತಳೇಗಾಂವ ದಾಭಾಡೆಯೂ ಒಂದು. ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದ ಹೆಸರು ಊರಿಗೆ ಅಂಟಿಕೊಂಡಿದೆ. ಆದರೆ ಸ್ವದೇಶಿ ಚಳವಳಿಯ ಕಾಲದಲ್ಲಿ ಈ ಊರು ಹೆಸರಾದದ್ದು ಗಾಜಿನಿಂದ. ದೇಶೀ ಕೈಗಾರಿಕೆಗೆಂದು ಅಂತಾಜಿ ದಾಮೋದರ ಕಾಳೆ ಎಂಬುವರು ಜನರಿಂದ ತಲೆಗೊಂದು ಪೈಸೆಯಂತೆ ಎತ್ತಿದ ಹಣಕ್ಕೆ ಪೈಸಾ ಫಂಡ್ ಎಂದೇ ಹೆಸರು. ಅದರ ಬೆನ್ನಿಗೆ ಟಿಳಕರು ನಿಂತಿದ್ದರು. 1908ರಲ್ಲಿ, ಟಿಳಕರಿಗೆ ಮಂಡಾಲೆಯ ಶಿಕ್ಷೆಯಾದ ಅದೇ ವರ್ಷ, ಆ ಹಣದಿಂದ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಜಪಾನಿನಲ್ಲಿಯೂ ಅಮೆರಿಕದ ಎಂಐಟಿಯಲ್ಲಿಯೂ ಓದಿ ಬಂದಿದ್ದ ಈಶ್ವರದಾಸ ವಾರ್ಷ್ಣೇಯ ಅದರ ಕುಲುಮೆ ಹೊತ್ತಿಸಿದವರು. ಕಾರ್ಖಾನೆ ಎನ್ನುವುದಕ್ಕಿಂತ ಅದನ್ನು ಕಾರ್ಖಾನೆ ಮತ್ತು ಶಾಲೆ ಎರಡೂ ಎನ್ನಬೇಕು. ಇಲ್ಲಿ ಕೆಲಸ ಕಲಿತವರು ದೇಶದ ಬೇರೆ ಬೇರೆ ಕಡೆ ಗಾಜಿನ ಕುಲುಮೆಗಳಿಗೆ ಹೋದರು.

ಗಾಜಿನ ಕೆಲಸ ಕಲಿಯುವವರು ಬೇಗನೆ ಕಲಿಯುವ ಒಂದು ಉಪಾಯವಿದೆ. ಗಾಜಿನ ಕೊಳವೆಯನ್ನು ಎರಡು ತುಂಡು ಮಾಡಲು ಗರಗಸ ಬೇಡ, ಬಲವೂ ಬೇಡ. ಅರದಿಂದ ಒಂದು ಗೀರು ಎಳೆದು, ಗೀರಿನ ಎರಡೂ ಬದಿ ಹಿಡಿದು ಮೆಲ್ಲಗೆ ಬಾಗಿಸಿದರೆ ಸಾಕು, ಟಕ್ಕೆಂದು ಗೀರು ಇದ್ದಲ್ಲೇ ಮುರಿಯುತ್ತದೆ. ಗೀರು ಎಳೆದಾಗ ಗಾಜಿನ ದಪ್ಪವೇನೂ ಕಡಿಮೆಯಾಗಿರುವುದಿಲ್ಲ, ಬಲ ಮಾತ್ರ ಎತ್ತಲೋ ಹೋಗಿರುತ್ತದೆ. ಕುಸುಬುಗಾರರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಇದು ಯಾಕೆ ಹೀಗೆ ಎಂದು ಲೆಕ್ಕ ಹಾಕಿ ತೋರಿಸಿದ್ದು ತಳೇಗಾಂವದ ಕುಲುಮೆ ಹೊತ್ತಿ ಹನ್ನೆರಡು ವರ್ಷಗಳಾದ ಮೇಲೆ, ಇಂಗ್ಲೆಂಡಿನಲ್ಲಿ.

ಈಗ ತಳೇಗಾಂವ–ಚಾಕಣದ ಬಯಲು ವಾಹನ ಕಾರ್ಖಾನೆಗಳ ಸೀಮೆ. 2008ರಲ್ಲಿ ಇಲ್ಲಿ ಕಾರು ಮಾಡತೊಡಗಿದ ಜನರಲ್ ಮೋಟರ್ಸ್ 2020ರ ಕೊನೆಗೆ ನಿಲ್ಲಿಸಿತು. ಆ ಕಾರ್ಖಾನೆ ಆಮೇಲೆ ಹ್ಯುಂಡೈ ಪಾಲಾಯಿತು. ಇಂಥ ಕಡೆ ಉಕ್ಕಿನ ತಗಡು ಬಂದರೆ ಅದರಿಂದ ಒಂದು ಪಟ್ಟಿ ಕತ್ತರಿಸುತ್ತಾರೆ. ಎರಡು ತುದಿ ಅಗಲ, ನಡು ಸಣ್ಣ, ಆಕಾರದಲ್ಲಿ ಹೆಚ್ಚುಕಡಿಮೆ ಡಮರುಗದಂತೆ. ಯಂತ್ರ ಎರಡು ತುದಿಗಳನ್ನು ಕಚ್ಚಿ ಹಿಡಿದು ಎಳೆಯುತ್ತದೆ. ಪಟ್ಟಿ ಹಿಗ್ಗುತ್ತದೆ, ನಡುವೆ ಸೊಂಟದಂತೆ ಸಣ್ಣಗಾಗುತ್ತದೆ, ಮುರಿಯುತ್ತದೆ. ಮೆದು ಉಕ್ಕಾದರೆ ಚದರ ಮಿಲಿಮೀಟರಿಗೆ ನಲವತ್ತು ಕಿಲೋ ಆಸುಪಾಸಿನ ಭಾರಕ್ಕೆ ತುಂಡಾಗುತ್ತದೆ. ಆ ಅಂಕಿಯನ್ನು ಬರೆದುಕೊಂಡು ಇದು ಈ ಉಕ್ಕಿನ ಬಲ ಎನ್ನುತ್ತಾರೆ.

ಅಂಕಿ ತಪ್ಪಲ್ಲ. ಅದನ್ನು ನಂಬಿಯೇ ಸೇತುವೆಗಳು ನಿಂತಿವೆ, ಲಿಫ್ಟುಗಳು ಏರಿಳಿಯುತ್ತಿವೆ. ಆದರೆ ಅದು ಉಕ್ಕಿನದೇ ಅಂಕಿಯೋ, ಆ ಅಳತೆಯ ಪಟ್ಟಿಯ ಅಂಕಿಯೋ? ಅದೇ ಉಕ್ಕಿನಿಂದ ಕೂದಲಿಗಿಂತ ತೆಳ್ಳಗಿನ ತುಣುಕು ಮಾಡಿ ಎಳೆದರೂ ಚದರ ಮಿಲಿಮೀಟರಿಗೆ ನಲವತ್ತು ಕಿಲೋ ಎಂದೇ ಬರುತ್ತದೆಯೇ? ಬರುವುದಿಲ್ಲ. ಇದು ಗೊತ್ತಾಗಲು ಸುಮಾರು ಐದು ನೂರು ವರ್ಷ ಹಿಡಿಯಿತು.

ಮೊದಲ ಸುಳಿವು ಲಿಯೊನಾರ್ಡೊ ಡಾವಿಂಚಿಯ ಟಿಪ್ಪಣಿಗಳಲ್ಲಿದೆ. ಕಬ್ಬಿಣದ ತಂತಿಗೆ ಬುಟ್ಟಿ ಕಟ್ಟಿ, ಮೇಲಿನ ಡಬ್ಬದ ತೂತಿನಿಂದ ಅದರೊಳಗೆ ಮರಳು ಸುರಿಯಲು ಬಿಡುವುದು. ತಂತಿ ಹರಿದ ಕ್ಷಣಕ್ಕೆ ಒಂದು ಸ್ಪ್ರಿಂಗು ತೂತನ್ನು ಮುಚ್ಚುವಂತೆ ಮಾಡುವುದು. ಬುಟ್ಟಿಯ ಮರಳು ತೂಗಿದರೆ ತಂತಿಯ ಬಲ ತಿಳಿಯಿತು. ಉದ್ದ ಬೇರೆ ಬೇರೆಯಾಗಿ ಇದನ್ನು ಮಾಡಿನೋಡಬೇಕು, ಉದ್ದ ತಂತಿಗಿಂತ ಗಿಡ್ಡ ತಂತಿ ಹೆಚ್ಚು ತಾಳುತ್ತದೆ ಎನ್ನುವುದು ಅವನ ಮಾತಿನ ತಾತ್ಪರ್ಯ. ದಪ್ಪ ಒಂದೇ ಆದಮೇಲೆ ಉದ್ದದಿಂದ ಏನಾಗಬೇಕು ಎಂದು ಅನೇಕರು ಇದನ್ನು ಪಕ್ಕಕ್ಕಿಟ್ಟರು. ಆದರೆ ತಂತಿಯಲ್ಲಿ ಅಲ್ಲಲ್ಲಿ ಕುಂದು ಇದೆ ಎಂದುಕೊಂಡರೆ ಮಾತು ಸರಿಹೋಗುತ್ತದೆ. ಉದ್ದ ತಂತಿಯಲ್ಲಿ ಕೆಟ್ಟ ಕುಂದೊಂದು ಸಿಕ್ಕುವ ಸಂಭವ ಹೆಚ್ಚು.

ಆ ಕುಂದಿಗೆ ಲೆಕ್ಕ ಕೊಟ್ಟವನು ಅಲನ್ ಆರ್ನಾಲ್ಡ್ ಗ್ರಿಫಿತ್. ಫಾರ್ನ್‌ಬರೋದ ವಿಮಾನ ಸಂಶೋಧನಾಲಯದ ಎಂಜಿನಿಯರ್. ಲೋಹದ ಭಾಗಗಳ ಮೇಲೆ ಕಣ್ಣಿಗೂ ಕಾಣದಷ್ಟು ಸಣ್ಣ ಗೀರುಗಳಿದ್ದರೂ ಅವು ಬೇಗ ಮುರಿಯುವುದೇಕೆ ಎನ್ನುವುದು ಅವನ ಮುಂದಿದ್ದ ಪ್ರಶ್ನೆ. ಲೋಹದ ನಡತೆ ಗೋಜಲು, ಅದು ಮುರಿಯುವ ಮೊದಲು ಹಿಗ್ಗುತ್ತದೆ, ಬಾಗುತ್ತದೆ. ಹಾಗಾಗಿ ಗ್ರಿಫಿತ್ ಗಾಜನ್ನು ಕೈಗೆತ್ತಿಕೊಂಡ. ಗಾಜು ಬಾಗುವ ಸಬೂಬು ಹೇಳುವುದಿಲ್ಲ, ನೇರವಾಗಿ ಮುರಿಯುತ್ತದೆ. ಕಾಯಿಸಿದ ಗಾಜಿನಿಂದ ತೆಳು ಎಳೆಗಳನ್ನು ಎಳೆದು ಒಂದೊಂದಕ್ಕೂ ಭಾರ ಹಾಕಿದ. ಒಂದು ಮಿಲಿಮೀಟರ್ ದಪ್ಪದ ಕಡ್ಡಿ ಚದರ ಮಿಲಿಮೀಟರಿಗೆ ಸುಮಾರು 17 ಕಿಲೋ ತಾಳಿತು. ಎಳೆ ತೆಳ್ಳಗಾದಂತೆ ಅಂಕಿ ಏರುತ್ತ ಹೋಯಿತು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ, ಅಂಥ 3.3 ಮೈಕ್ರಾನಿನ ಎಳೆ ಸುಮಾರು 345 ಕಿಲೋ ತಾಳಿತು. ಅದೇ ಗಾಜು, ಇಪ್ಪತ್ತು ಪಟ್ಟು ಬಲ. ಗಾಜು ಮೂಲತಃ ಬಲವುಳ್ಳದ್ದೇ, ಅದರ ಮೈಮೇಲಿನ ಸಣ್ಣ ಬಿರುಕುಗಳು ಅದನ್ನು ಸೋಲಿಸುತ್ತವೆ, ಅತಿ ತೆಳ್ಳನೆಯ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ ಎಂದು ಗ್ರಿಫಿತ್ ವಾದಿಸಿದ. ಬಿರುಕು ಎಷ್ಟು ಉದ್ದವಾದರೆ ಎಷ್ಟು ಭಾರಕ್ಕೆ ತಾನಾಗಿಯೇ ಓಡತೊಡಗುತ್ತದೆ ಎನ್ನುವುದಕ್ಕೆ ಸೂತ್ರವನ್ನೂ ಕೊಟ್ಟ. 1920ರಲ್ಲಿ ಓದಿದ ಆ ಪ್ರಬಂಧ ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆಮೇಲೆ ಅವನು ಗಾಜನ್ನು ಬಿಟ್ಟ. ಸಹೋದ್ಯೋಗಿ ಲಾಕ್‌ಸ್ಪೀಸರ್ ಒಂದು ರಾತ್ರಿ ಗಾಜು ಕರಗಿಸುವ ಗ್ಯಾಸ್ ಬರ್ನರನ್ನು ಆರಿಸದೆ ಹೋದದ್ದರಿಂದ ಬೆಂಕಿ ಬಿದ್ದು, ವಿಚಾರಣೆಯಾಗಿ, ಈ ಹುಡುಗಾಟ ಸಾಕು ಎಂದು ಮೇಲಿನವರು ಗ್ರಿಫಿತ್‌ನನ್ನು ಎಂಜಿನ್ ವಿಭಾಗಕ್ಕೆ ಕಳಿಸಿದರಂತೆ. ಜೆ. ಇ. ಗಾರ್ಡನ್ ತಮ್ಮ ಪುಸ್ತಕದಲ್ಲಿ ಹೇಳುವ ಕತೆಯಿದು. ಅಲ್ಲಿ ಹೋಗಿ ಗ್ರಿಫಿತ್ ಮಾಡಿದ್ದೇನೂ ಸಣ್ಣದಲ್ಲ. 1926ರಲ್ಲಿ ಅವನು ಬರೆದ ಟರ್ಬೈನ್ ಸಿದ್ಧಾಂತ ಜೆಟ್ ಎಂಜಿನ್ನಿನ ಬುನಾದಿಗಳಲ್ಲಿ ಒಂದು. ಈ ಟರ್ಬೈನಿನ ಮಾತು ಮುಂದೆ ಬೆಂಗಳೂರಿನಲ್ಲಿ ಮತ್ತೆ ಬರುತ್ತದೆ.

ಗ್ರಿಫಿತ್ ಗೋಜಲು ಎಂದು ಬದಿಗಿಟ್ಟ ಲೋಹವನ್ನು ಅವನಿಗೂ ಮೊದಲೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟವರಿದ್ದರು. ಅದಕ್ಕೂ ಮೊದಲು ಲೋಹದ ಪರೀಕ್ಷೆಯೆಂದರೆ ಕಮ್ಮಾರನ ಕೈ ಮತ್ತು ಮುರಿದ ಮುಖದ ಬಣ್ಣ. 1790ರ ದಶಕದಲ್ಲಿ ಮುಂಬೈಯ ವೈದ್ಯ ಹೆಲೀನಸ್ ಸ್ಕಾಟ್ ಇಲ್ಲಿಯ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಬರೆದ ಪ್ರಬಂಧದ ಶೀರ್ಷಿಕೆ ಅದು ಮುಂಬೈಯಲ್ಲಿ ತಯಾರಾದ ಉಕ್ಕು, ಅಲ್ಲಿ ಅದಕ್ಕೆ ‘ವೂಟ್ಜ್’ ಎನ್ನುತ್ತಾರೆ ಎನ್ನುತ್ತದೆ. ಮುಂಬೈಯಲ್ಲಿ ಯಾರೂ ಹಾಗೆನ್ನುತ್ತಿದ್ದಂತೆ ತೋರುವುದಿಲ್ಲ. ಕನ್ನಡದ ‘ಉಕ್ಕು’ ಇಂಗ್ಲಿಷಿನಲ್ಲಿ ‘ವೂಕ್’ ಆಗಿ, ಬರಹದಲ್ಲೋ ಅಚ್ಚಿನಲ್ಲೋ ಕೊನೆಯ ಅಕ್ಷರ ಕೆಟ್ಟು ‘ವೂಟ್ಜ್’ ಆಯಿತೆಂದು ನಿಘಂಟುಕಾರರ ಊಹೆ. ತಪ್ಪಚ್ಚೊಂದು ಇನ್ನೂರು ವರ್ಷ ಬಾಳಿ ಇಂದಿಗೂ ಲೋಹಶಾಸ್ತ್ರದ ಪಠ್ಯಗಳಲ್ಲಿ ಮೆರೆಯುತ್ತಿದೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಇಟ್ಟು ಉಕ್ಕು ಮಾಡುವುದನ್ನು 1800–01ರಲ್ಲಿ ಸಂಚರಿಸಿದ ಬುಕಾನನ್ ಬರೆದಿಟ್ಟಿದ್ದಾನೆ. ಮಾಡುವ ಕ್ರಮ ಗೊತ್ತಾಯಿತು, ಆದರೆ ಒಳಗೇನಿದೆ ಎಂದು ನೋಡುವ ಕಣ್ಣು ಆಗ ಇನ್ನೂ ಇರಲಿಲ್ಲ.

ಆ ಕಣ್ಣು ಬಂದದ್ದು 1860ರ ದಶಕದಲ್ಲಿ. ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಸ್ವಲ್ಪ ಕೊರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಒತ್ತಾಗಿ ಜೋಡಿಸಿದ ಹರಳುಗಳ ರಾಶಿಯಾಗಿ ಕಂಡಿತು. ಈ ಕಾಣ್ಕೆಯ ಹಿಂದೆ ಜನರ ಪ್ರಾಣದ ಪ್ರಶ್ನೆಯೂ ಇತ್ತು. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಹೀಗೆ ಮುರಿದ ಅಚ್ಚುಗಳ ಮುಖ ಹರಳುಹರಳಾಗಿ ಹೊಳೆಯುತ್ತಿತ್ತು. ಅಲುಗಾಟದಿಂದ ನಾರುನಾರಾಗಿದ್ದ ಒಳ್ಳೆಯ ಕಬ್ಬಿಣ ಹರಳಾಗಿಬಿಡುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ಎಂಜಿನಿಯರುಗಳು ದಶಕಗಟ್ಟಲೆ ನಂಬಿದ್ದರು. ರೋಗದ ಹೆಸರೇ ತಪ್ಪಾದರೆ ಮದ್ದೂ ತಪ್ಪುತ್ತದೆ.

ಕೇಂಬ್ರಿಜ್‌ನಲ್ಲಿ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಮತ್ತು ಮೆಲ್ಬರ್ನಿನಿಂದ ಓದಲು ಬಂದಿದ್ದ ವಾಲ್ಟರ್ ರೋಸನ್‌ಹೈನ್ 1899ರಲ್ಲಿ ಮಾಡಿದ್ದು ಸರಳ ಕೆಲಸ. ಉಜ್ಜಿ ನುಣುಪು ಮಾಡಿದ ಲೋಹದ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೇ ಎಳೆಯುತ್ತ ನೋಡಿದರು. ಮುರಿದ ಮೇಲೆ ನೋಡುವುದಲ್ಲ, ಮುರಿಯುವ ದಾರಿಯಲ್ಲಿರುವಾಗಲೇ ನೋಡುವುದು. ಭಾರ ಒಂದು ಹದ ಮೀರುತ್ತಿದ್ದಂತೆ ಹರಳುಗಳ ಮೇಲೆ ಸಾಲುಸಾಲಾಗಿ ಕಪ್ಪು ಗೆರೆಗಳು ಮೂಡಿದವು. ಅವು ಬಿರುಕುಗಳಲ್ಲ, ಮೆಟ್ಟಿಲುಗಳು. ಇಸ್ಪೀಟಿನ ಕಟ್ಟನ್ನು ಓರೆಯಾಗಿ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಜಾರುವ ಹಾಗೆ ಹರಳಿನ ಪದರಗಳು ಜಾರಿದ್ದವು. ಲೋಹ ಬಾಗುವಾಗಲೂ ಹರಳಾಗಿಯೇ ಉಳಿಯುತ್ತದೆ. ಅದು ಮೊದಲಿಂದಲೂ ಹರಳೇ ಆಗಿತ್ತು. 1903ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ವೀಡನ್ನಿನ ಕಬ್ಬಿಣವನ್ನು ಮತ್ತೆ ಮತ್ತೆ ಅತ್ತಿತ್ತ ಬಾಗಿಸಿದಾಗ ಈ ಜಾರುಗೆರೆಗಳು ದಟ್ಟವಾಗುತ್ತ ಹೋಗಿ ಅಲ್ಲೇ ಬಿರುಕು ಹುಟ್ಟುವುದನ್ನು ತೋರಿಸಿದರು. ರೈಲಿನ ಅಚ್ಚು ಮುರಿಯುವ ಬಗೆ ಇದು. ಲೋಹದ ಬಲದ ಚರಿತ್ರೆಯಲ್ಲಿ ಗ್ರಿಫಿತ್‌ನ ಹೆಸರು ದೊಡ್ಡದಾಗಿ ಕೇಳುತ್ತದೆ, ಯೂಯಿಂಗ್–ರೋಸನ್‌ಹೈನರದು ಅಷ್ಟಿಲ್ಲ. ಆದರೆ ಎಳೆಯುತ್ತಲೇ ನೋಡಬೇಕು ಎಂಬ ಇಂದಿನ ಇಡೀ ಪರಿಪಾಠ ಆ ಇಬ್ಬರದೇ.

ಜಾರುವುದು ಕಂಡಿತು. ಇಷ್ಟು ಸುಲಭವಾಗಿ ಯಾಕೆ ಜಾರುತ್ತದೆ ಎನ್ನುವುದು ಉಳಿಯಿತು. 1926ರಲ್ಲಿ ರಷ್ಯದ ಯಾಕೊವ್ ಫ್ರೆಂಕೆಲ್ ಕೊರತೆಯಿಲ್ಲದ ಹರಳಿನ ಒಂದು ಪದರವನ್ನು ಇನ್ನೊಂದರ ಮೇಲೆ ಇಡಿಯಾಗಿ ಜಾರಿಸಲು ಎಷ್ಟು ಬಲ ಬೇಕೆಂದು ಲೆಕ್ಕ ಹಾಕಿದರೆ, ಮೆತ್ತನೆಯ ಶುದ್ಧ ಲೋಹಗಳು ನಿಜದಲ್ಲಿ ತಾಳುವುದರ ಸಾವಿರ ಪಟ್ಟಿಗೂ ಮೇಲೆ ಬಂತು. 1934ರಲ್ಲಿ ಟೇಲರ್, ಓರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ದೊಡ್ಡ ಜಮಖಾನೆಯನ್ನು ಒಂದೇ ಸಲಕ್ಕೆ ಎಳೆದು ಸರಿಸುವುದು ಕಷ್ಟ. ಒಂದು ಅಂಚಿನಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಆಚೆ ತುದಿಯವರೆಗೆ ಕಾಲಿನಿಂದ ತಳ್ಳಿದರೆ ಜಮಖಾನೆ ಅಷ್ಟು ಜರುಗುತ್ತದೆ. ಹರಳಿನ ಪರಮಾಣುಗಳ ಸಾಲಿನಲ್ಲೂ ಇಂಥ ಸುಕ್ಕುಗಳಿವೆ, ಲೋಹ ಬಾಗುವುದೆಂದರೆ ಅವು ಓಡಾಡುವುದು. ಗಾಜಿಗೆ ಬಿರುಕು ಹೇಗೋ ಲೋಹಕ್ಕೆ ಸುಕ್ಕು ಹಾಗೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಬಿರುಕಿನಿಂದ ಗಾಜಿಗೆ ಯಾವ ಉಪಕಾರವೂ ಇಲ್ಲ. ಸುಕ್ಕು ಇಲ್ಲದಿದ್ದರೆ ಮಾತ್ರ ಕಮ್ಮಾರ ಕುಡುಗೋಲು ಬಡಿಯಲಾರ, ಅಕ್ಕಸಾಲಿಗ ತಂತಿ ಎಳೆಯಲಾರ.

ಹಾಗಾದರೆ ಸುಕ್ಕೇ ಇಲ್ಲದ ಲೋಹ ಸಿಕ್ಕರೆ? ಅದು ಯಾರೂ ಹುಡುಕದೆ, ಕಾಟವಾಗಿ ಸಿಕ್ಕಿತು. 1940ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಉಪಕರಣಗಳು ಕಾರಣವಿಲ್ಲದೆ ಕೆಡುತ್ತಿದ್ದವು. ಬಿಚ್ಚಿ ನೋಡಿದರೆ ಕ್ಯಾಡ್ಮಿಯಂ ಮುಲಾಮಿನಿಂದ ಮೀಸೆಯಂಥ ನವಿರು ಕೂದಲುಗಳು ತಾವಾಗಿ ಬೆಳೆದು ಪಕ್ಕದ ಲೋಹಕ್ಕೆ ತಗುಲಿ ಶಾರ್ಟ್ ಮಾಡುತ್ತಿದ್ದವು. ತವರದ ಲೇಪದಿಂದಲೂ ಅವು ಬೆಳೆಯುತ್ತಿದ್ದವು. 1952ರಲ್ಲಿ ಬೆಲ್ ಪ್ರಯೋಗಾಲಯದ ಹೆರಿಂಗ್ ಮತ್ತು ಗಾಲ್ಟ್ ಎರಡು ಮೈಕ್ರಾನಿಗೂ ತೆಳ್ಳನೆಯ ತವರದ ಮೀಸೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಬಾಗಿಸಿದರು. ಕೈಯಲ್ಲಿ ಹಿಡಿದು ಹೇಗೆಂದರೆ ಹಾಗೆ ತಿರುಚಬಹುದಾದ ಮೆತ್ತನೆಯ ತವರ, ಇಲ್ಲಿ ಸ್ಪ್ರಿಂಗಿನಂತೆ ಬಾಗಿ ಬಿಟ್ಟೊಡನೆ ನೆಟ್ಟಗಾಯಿತು. 1956ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಸ್. ಎಸ್. ಬ್ರೆನ್ನರ್ ಕಬ್ಬಿಣದ ಮೀಸೆಗಳನ್ನು ಬೆಳೆಸಿ ಎಳೆದಾಗ, 1.6 ಮೈಕ್ರಾನಿನ ಒಂದು ಮೀಸೆ ಚದರ ಮಿಲಿಮೀಟರಿಗೆ 1,300 ಕಿಲೋಗೂ ಹೆಚ್ಚು ತಾಳಿತು. ಡಮರುಗದ ಪಟ್ಟಿಯ ನಲವತ್ತನ್ನು ಇದರ ಪಕ್ಕ ಇಟ್ಟು ನೋಡಬೇಕು.

ಮೀಸೆಗಳದು ಒಂದು ತೊಡಕು. ಬೆಳೆದದ್ದನ್ನಷ್ಟೇ ಪರೀಕ್ಷಿಸಬಹುದು. ಬಳಕೆಯ ಲೋಹದಲ್ಲಿ, ಬೇಕಾದ ಜಾಗದಿಂದ, ಬೇಕಾದ ಅಳತೆಯ ತುಣುಕು ಕೊರೆಯಲು ಸಾಧನವಿರಲಿಲ್ಲ. ಚಿಪ್ಪು ಮಾಡುವ ಉದ್ಯಮಕ್ಕೆಂದು ಬಂದ ಗ್ಯಾಲಿಯಂ ಕಿರಣ ಆ ಸಾಧನವಾಯಿತು. ಗ್ಯಾಲಿಯಂ ಸುಮಾರು 30 ಡಿಗ್ರಿಗೆ ಕರಗುವ ಲೋಹ, ನಮ್ಮ ಅಂಗೈಯಲ್ಲೇ ನೀರಾಗುತ್ತದೆ. ಅದರ ವಿದ್ಯುದಂಶವುಳ್ಳ ಪರಮಾಣುಗಳನ್ನು ಸಣ್ಣ ಧಾರೆಯಾಗಿ ಹೊಡೆದರೆ ಲೋಹದ ಮೇಲ್ಮೈ ಕಣಕಣವಾಗಿ ಸವೆಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಬಾವಿ ತೋಡಿದಂತೆ ಸುತ್ತ ತೋಡಿ ನಡುವೆ ಒಂದು ಕಂಬ ಉಳಿಸುತ್ತಾರೆ. ಆಮೇಲೆ ಚಪ್ಪಟೆ ತಲೆಯ ವಜ್ರದ ಮೊನೆಯನ್ನು ಮೇಲಿನಿಂದ ಇಳಿಸಿ ಕಂಬವನ್ನು ಒತ್ತುತ್ತಾರೆ. ಇಲ್ಲಿಯ ಭಾರಗಳು ಕಲ್ಪನೆಗೂ ತಮಾಷೆ. ಒಂದು ಮೈಕ್ರಾನ್ ಅಡ್ಡಳತೆಯ ಕಂಬದ ತಲೆಯ ಮೇಲೆ ಮೂರು ನಾಲ್ಕು ಅಕ್ಕಿಕಾಳಿನಷ್ಟು ತೂಕ ಬಿದ್ದರೆ ಅದು ಚದರ ಮಿಲಿಮೀಟರಿಗೆ ನೂರು ಕಿಲೋ ಲೆಕ್ಕಕ್ಕೆ ಬರುತ್ತದೆ. ರಸ್ತೆಯಲ್ಲಿ ಲಾರಿ ಹೋದರೂ ಅಳತೆ ಕದಲುತ್ತದೆ, ಕೋಣೆಯ ಬಿಸಿ ಒಂದಿಷ್ಟು ಏರಿದರೂ ಕದಲುತ್ತದೆ.

2004ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯದ ಯೂಚಿಕ್, ಡಿಮಿಡಕ್ ಮತ್ತು ಅವರ ಸಂಗಡಿಗರಾದ ಫ್ಲೊರಾಂಡೊ, ನಿಕ್ಸ್ ‘ಸೈನ್ಸ್’ ಪತ್ರಿಕೆಯಲ್ಲಿ ನಿಕ್ಕಲ್ ಕಂಬಗಳ ಫಲಿತಾಂಶ ಪ್ರಕಟಿಸಿದರು. 40 ಮೈಕ್ರಾನಿನಿಂದ 5 ಮೈಕ್ರಾನಿನವರೆಗಿನ ಕಂಬಗಳು. ದೊಡ್ಡವು ಹೆಚ್ಚುಕಡಿಮೆ ಸಾಮಾನ್ಯ ನಿಕ್ಕಲ್ಲಿನಂತೆಯೇ ನಡೆದುಕೊಂಡವು. ಸಣ್ಣವು ಹೆಚ್ಚು ತಾಳಿದವು, ತಾಳಿ ತಾಳಿ ತಟ್ಟನೆ ಕುಸಿದವು. ದೊಡ್ಡ ತುಂಡಿನಲ್ಲಿ ಲಕ್ಷಗಟ್ಟಲೆ ಸುಕ್ಕುಗಳ ಗದ್ದಲದಲ್ಲಿ ಒಂದೊಂದರ ಸದ್ದು ಕೇಳಿಸುವುದಿಲ್ಲ. ಇಲ್ಲಿ ಕೆಲವೇ ಸುಕ್ಕುಗಳಿದ್ದವು, ಪ್ರತಿಯೊಂದು ಓಟವೂ ನಕ್ಷೆಯಲ್ಲಿ ಮೆಟ್ಟಿಲಾಗಿ ಕಂಡಿತು. ಕಂಬ ಸಣ್ಣದಾದರೆ ಸುಕ್ಕುಗಳು ಬೇಗ ಮೇಲ್ಮೈ ಮುಟ್ಟಿ ಇಲ್ಲವಾಗುತ್ತವೆ, ಹೊಸದು ಹುಟ್ಟಲು ಹೆಚ್ಚು ಬಲ ಬೇಕು ಎಂಬ ವಿವರಣೆಗಳು ಬಂದವು. ಮುಂದಿನ ಕೆಲವು ವರ್ಷ ಪ್ರಪಂಚದ ಪ್ರಯೋಗಾಲಯಗಳೆಲ್ಲ ಕಂಬ ಕೊರೆದವು. ‘ಸಣ್ಣದಾದಷ್ಟೂ ಗಟ್ಟಿ’ ಎನ್ನುವುದು ಮಂತ್ರವಾಯಿತು.

ಮಂತ್ರಕ್ಕೆ ಆಕ್ಷೇಪವೂ ಬಂತು. ಗ್ಯಾಲಿಯಂ ಹೊಡೆತವೇ ಕಂಬದ ಮೈಯನ್ನು ಕೆಡಿಸಿ ಫಲಿತಾಂಶ ಬದಲಿಸುತ್ತಿಲ್ಲವೇ? 2007ರಲ್ಲಿ ಬೇ, ಜಾರ್ಜ್, ಫಾರ್ ಮೊದಲಾದವರು ಕಿರಣವನ್ನೇ ಬಳಸದೆ ಕಂಬ ಪಡೆದರು. ನಿಕ್ಕಲ್–ಅಲ್ಯುಮಿನಿಯಂ ಮಿಶ್ರಣದೊಳಗೆ ತಾವಾಗಿ ಬೆಳೆದ ಮಾಲಿಬ್ಡಿನಂ ಮಿಶ್ರಲೋಹದ ಕಡ್ಡಿಗಳನ್ನು, ಸುತ್ತಲಿನದ್ದನ್ನು ಆಮ್ಲದಿಂದ ಕರಗಿಸಿ ಹೊರತೆಗೆದರು. ಅವು ಚದರ ಮಿಲಿಮೀಟರಿಗೆ 900 ಕಿಲೋಗೂ ಹೆಚ್ಚು ತಾಳಿದವು, ಲೆಕ್ಕ ಹೇಳುವ ಮಿತಿಯ ಹತ್ತಿರಕ್ಕೆ. ಅದೂ ಕಂಬ ಸಣ್ಣದಿದ್ದರೂ ಒಂದೇ, ತುಸು ದೊಡ್ಡದಿದ್ದರೂ ಒಂದೇ. ಅವುಗಳನ್ನು ಮೊದಲೇ ಸಾಕಷ್ಟು ನಜ್ಜಿ ಸುಕ್ಕು ತುಂಬಿದರೆ ಬಲ ಇಳಿಯಿತು. ಮೂಲ ಮಂತ್ರ ಹಾಗಾಗಿ ಅರ್ಧ ಸತ್ಯ. ಸಣ್ಣತನಕ್ಕೆ ತನ್ನದೇ ಬಲವೇನೂ ಇಲ್ಲ. ಕುಂದಿಗೆ ಅಲ್ಲಿ ಜಾಗ ಕಡಿಮೆ, ಅಷ್ಟೇ. ಮರಳಿನ ಬುಟ್ಟಿ ಹೇಳುತ್ತಿದ್ದದ್ದೂ ಇದೇ.

ಕುತೂಹಲ ತಣಿಯಿತು ಎಂದಾದ ಮೇಲೂ ಇಷ್ಟು ಸಣ್ಣದನ್ನು ಪರೀಕ್ಷಿಸುವುದೇಕೆ? ಕೆಲವು ವಸ್ತುಗಳು ದೊಡ್ಡದಾಗಿ ಸಿಗುವುದೇ ಇಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗು ಇದಕ್ಕೆ ಒಳ್ಳೆಯ ಉದಾಹರಣೆ. ಉರಿಯುವ ಅನಿಲದ ಬಿಸಿ ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಲಗಿನೊಳಗೆ ತಣ್ಣನೆಯ ಗಾಳಿ ಹಾಯಿಸುತ್ತಾರೆ, ಮೇಲೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಹೊದಿಕೆ ಕೊಡುತ್ತಾರೆ. ಪಿಂಗಾಣಿ ಲೋಹಕ್ಕೆ ನೇರವಾಗಿ ಅಂಟುವುದಿಲ್ಲ. ನಡುವೆ ಪ್ಲಾಟಿನಂ, ನಿಕ್ಕಲ್, ಅಲ್ಯುಮಿನಿಯಂ ಸೇರಿದ ಒಂದು ಬೆಸುಗೆಯ ಪದರವಿರುತ್ತದೆ, ಹೆಚ್ಚೆಂದರೆ ಕೂದಲಿನ ದಪ್ಪದ ಆಸುಪಾಸು. ಎಂಜಿನ್ ಬಿಸಿಯಾಗಿರುವಾಗ ಈ ಪದರ ಬಾಗುತ್ತದೆ. ತಣ್ಣಗಾದಾಗ ಗಾಜಿನಂತೆ ಪೆಡಸು. ಅದು ಬಿರುಕು ಬಿಟ್ಟರೆ ಹೊದಿಕೆ ಕಿತ್ತು ಬರುತ್ತದೆ, ಬಿರುಕು ಒಳಗಿನ ಅಲಗಿಗೂ ಇಳಿಯಬಹುದು. ಮೇಲಿಂದ ಕೆಳಕ್ಕೆ ಈ ಪದರದ ಸಂಯೋಜನೆ ಒಂದೇ ಆಗಿರುವುದೂ ಇಲ್ಲ. ಅಲ್ಯುಮಿನಿಯಂ ಹೊರಗೆ ಹೆಚ್ಚು, ಒಳಗೆ ಕಡಿಮೆ. ಇದರಿಂದ ಡಮರುಗದ ಪಟ್ಟಿ ಕತ್ತರಿಸುವುದು ಹೇಗೆ?

1909ರಲ್ಲಿ, ತಳೇಗಾಂವದ ಕುಲುಮೆಯ ಮರುವರ್ಷ, ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಬಿ. ನಾಗಮಣಿ ಜಯ, ವಿಕ್ರಮ್ ಜಯರಾಂ ಮತ್ತು ಸಂಜಯ್ ಬಿಸ್ವಾಸ್ 2012ರಲ್ಲಿ ‘ಫಿಲಾಸಾಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟಿಸಿದ ವಿಧಾನ ಕಂಬದ್ದಲ್ಲ, ತೊಲೆಯದ್ದು. ಪದರದೊಳಗೇ, ಬೇಕಾದ ಆಳದಲ್ಲಿ, ಗ್ಯಾಲಿಯಂ ಕಿರಣದಿಂದ ಸುತ್ತ ಕೊರೆದು ಒಂದು ಪುಟ್ಟ ತೊಲೆ ಬಿಡಿಸುತ್ತಾರೆ. ಅದರ ಎರಡೂ ತುದಿಗಳು ಮೂಲ ಪದರಕ್ಕೆ ಕಚ್ಚಿಕೊಂಡೇ ಇರುತ್ತವೆ. ನಡುವಿನ ಅಡಿಮುಖದಲ್ಲಿ ಒಂದು ಕಚ್ಚು. ಮೇಲಿನಿಂದ ವಜ್ರದ ಮೊನೆ ನಡುವನ್ನು ಒತ್ತುತ್ತದೆ.

ಎರಡು ತುದಿ ಕಚ್ಚಿಕೊಂಡಿರಬೇಕು ಎನ್ನುವುದರಲ್ಲಿ ಜಾಣತನವಿದೆ. ಒಂದೇ ತುದಿ ಗೋಡೆಯಲ್ಲಿರುವ ಸಜ್ಜದಂಥ ತೊಲೆಯಾದರೆ, ಪೆಡಸು ವಸ್ತುವಿನಲ್ಲಿ ಬಿರುಕು ಶುರುವಾದದ್ದೇ ತಡ ಕಣ್ಣು ಮಿಟುಕಿಸುವುದರೊಳಗೆ ಪಾರಾಗುತ್ತದೆ. ಒಂದು ಅಂಕಿ ಸಿಗುತ್ತದೆ, ಕತೆ ಸಿಗುವುದಿಲ್ಲ. ಎರಡೂ ಕಡೆ ಬಿಗಿದ ತೊಲೆಯಲ್ಲಿ ಬಿರುಕು ಮೇಲೇರಿದಂತೆ ಅದನ್ನು ಓಡಿಸುವ ಬಲ ಕುಗ್ಗುತ್ತದೆ. ಬಿರುಕು ಸ್ವಲ್ಪ ಏರಿ ನಿಲ್ಲುತ್ತದೆ, ಇನ್ನಷ್ಟು ಒತ್ತಿದರೆ ಇನ್ನಷ್ಟು ಏರುತ್ತದೆ. ನೋಡುತ್ತ ಹೋಗಬಹುದು. ಹೀಗೆ ಪದರದ ಬೇರೆ ಬೇರೆ ಆಳದಲ್ಲಿ ತೊಲೆ ಬಿಡಿಸಿ ಒತ್ತಿದಾಗ, ಬಿರುಕನ್ನು ತಡೆಯುವ ಶಕ್ತಿ ಪದರದ ಉದ್ದಗಲಕ್ಕೂ ಒಂದೇ ಅಲ್ಲ, ಸಂಯೋಜನೆ ಬದಲಾದಂತೆ ಅದೂ ಬದಲಾಗುತ್ತದೆ ಎಂಬುದು ಅಳತೆಗೆ ಸಿಕ್ಕಿತು. ಗ್ರಿಫಿತ್ ಗಾಜಿನ ಎಳೆಯಿಂದ ಪಡೆದ ಬಿರುಕಿನ ಲೆಕ್ಕ, ಅವನೇ ಅಡಿಪಾಯ ಹಾಕಿದ ಟರ್ಬೈನಿನ ಅಲಗಿನ ಮೇಲೆ, ತೊಂಬತ್ತು ವರ್ಷಗಳ ನಂತರ ಬಂದು ಕೂತಿತು.

ಬೆಂಗಳೂರಿಗೆ ಈ ಅಂಕಿ ಬರೀ ಪ್ರಬಂಧದ ವಿಷಯವಲ್ಲ. ಅದೇ ಊರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಲ್ಲಿ ಕಾವೇರಿ ಜೆಟ್ ಎಂಜಿನ್ನಿನ ಯೋಜನೆ 1989ರಲ್ಲಿ ಶುರುವಾಯಿತು. ತೇಜಸ್ ವಿಮಾನ ಮಾತ್ರ ಅಮೆರಿಕದ ಎಂಜಿನ್ ಹೊತ್ತೇ ಹಾರುತ್ತಿದೆ. ಬಿಸಿ ತಾಳುವ ಅಲಗು ಮತ್ತು ಹೊದಿಕೆ ಮಾಡಬಲ್ಲ ದೇಶಗಳು ಆ ವಿದ್ಯೆಯನ್ನು ಸುಲಭಕ್ಕೆ ಮಾರುವುದಿಲ್ಲ. ಪದರ ಎಲ್ಲಿ ಸೋಲುತ್ತದೆ ಎನ್ನುವುದನ್ನು ಮಾಡುವವರೇ ಅಳೆದುಕೊಳ್ಳಬೇಕು. ಅಲಗಿನಿಂದ ಕೆಲವು ಮೈಕ್ರಾನಿನ ತೊಲೆಯೊಂದನ್ನು ಬಿಡಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಒತ್ತಿ ಮುರಿಯಲು ಕೆಲವು ನಿಮಿಷ. ಒಂದು ಆಳಕ್ಕೆ ಒಂದೇ ತೊಲೆ ಸಾಲದು, ಒಂದರಲ್ಲಿ ಇಲ್ಲದ ಕುಂದು ಪಕ್ಕದ್ದರಲ್ಲಿ ಇರಬಹುದು. ಇನ್ನೊಂದನ್ನು ಕೊರೆಯುತ್ತಾರೆ, ಆಮೇಲೆ ಮತ್ತೊಂದನ್ನು.